ಬೀರುವಿನ ವಯಸ್ಸು

ಹಾಸನದ ಕಡೆ ಬೀರು ಎರಡು. ಸಂಕ್ರಾಂತಿಯ ಸಂಜೆ ಹುಡುಗಿಯರು ಹೊಸ ಲಂಗ ತೊಟ್ಟು ಮನೆಮನೆಗೆ ಎಳ್ಳು ಬೀರಲು ಹೊರಡುತ್ತಾರಲ್ಲ, ಅದೊಂದು. ಆ ಲಂಗವೂ ಎಳ್ಳಿನ ಬೆಳ್ಳಿ ಬಟ್ಟಲೂ ಯಾವುದರಿಂದ ಹೊರಬಂದವೋ ಅದು ಇನ್ನೊಂದು. ಮೊದಲನೆಯದು ಹಂಚುವ ಬೀರು, ಅಚ್ಚಕನ್ನಡದ ಕ್ರಿಯಾಪದ. ನಗೆ ಬೀರುವುದೂ ಬೆಳಕು ಬೀರುವುದೂ ಅದೇ. ಎರಡನೆಯದು ಬೀಗ ಹಾಕಿಕೊಂಡು ಕೂರುವ ಬೀರು. ಉಚ್ಚಾರಣೆ ಒಂದೇ, ಸ್ವಭಾವ ತದ್ವಿರುದ್ಧ. ಈ ಎರಡನೆಯದು ಹಡಗು ಹತ್ತಿ ಬಂದದ್ದು.

ಫ್ರೆಂಚರಲ್ಲಿ ‘ಬ್ಯೂರ್’ ಅಂದರೆ ಒರಟು ಉಣ್ಣೆಯ ಬಟ್ಟೆ. ಆ ಬಟ್ಟೆ ಹಾಸಿದ ಬರೆಯುವ ಮೇಜು ‘ಬ್ಯೂರೋ’ ಆಯಿತು, ಮೇಜಿದ್ದ ಕೋಣೆಯೂ ಬ್ಯೂರೋ ಆಯಿತು, ಕೊನೆಗೆ ಇಡೀ ಕಚೇರಿಗೇ ಆ ಹೆಸರು ಅಂಟಿತು. ಇಂಗ್ಲಿಷರಿಗೆ ಅದು ಖಾನೆಗಳಿರುವ ಮೇಜು. ನಮ್ಮ ದಕ್ಷಿಣದವರು ಮೇಜನ್ನು ಬಿಟ್ಟು ಖಾನೆಗಳನ್ನಷ್ಟೇ ಇಟ್ಟುಕೊಂಡರು: ತಮಿಳರಿಗೆ ಬೀರೋ, ತೆಲುಗರಿಗೆ ಬೀರುವಾ, ನಮಗೆ ಬೀರು. ಅದೇ ಪದ ಪತ್ರಿಕೆಗಳ ಜೊತೆ ಮತ್ತೊಮ್ಮೆ ಬಂದಾಗ ಯಾರೂ ಗುರುತು ಹಿಡಿಯಲಿಲ್ಲ. ‘ದೆಹಲಿ ಬ್ಯೂರೋ’ ಎಂದು ಹೊಸ ನೆಂಟನಂತೆ ಕೂರಿಸಿದೆವು. ಶ್ಯಾನುಭೋಗರ ದಫ್ತರದ ಕತೆಯೂ ಇದೇ ಜಾಡಿನದು. ಗ್ರೀಕರಲ್ಲಿ ಹದ ಮಾಡಿದ ಚರ್ಮವಾಗಿದ್ದ ಶಬ್ದ ಪರ್ಷಿಯಾ ದಾಟುವಾಗ ಲೆಕ್ಕದ ಪುಸ್ತಕವಾಗಿ, ನಮ್ಮಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟಾಯಿತು. ಒಂದು ಬಟ್ಟೆಯಿಂದ ಹೊರಟು ಕಚೇರಿಗೆ ಹೋಯಿತು, ಇನ್ನೊಂದು ಚರ್ಮದಿಂದ.

ಬೀರುವಿನ ದಾಯಾದಿಗಳಿಗೂ ಇಂಥ ಪೂರ್ವಾಪರಗಳಿವೆ. ಅಲಮಾರು ಪೋರ್ಚುಗೀಸರ ‘ಅರ್ಮಾರಿಯೊ’. ಅದರ ಲ್ಯಾಟಿನ್ ಮೂಲದಲ್ಲಿ ಅದು ಆಯುಧ ಇಡುವ ಪೆಟ್ಟಿಗೆ. ಧಾರವಾಡದ ಕಡೆಯವರು, ಕರಾವಳಿಯವರು ಹೇಳುವ ಕಪಾಟು ಸಂಸ್ಕೃತದ ಕವಾಟ, ಕಪಾಟಗಳಿಂದ ಬಂದದ್ದು, ಅಂದರೆ ಬರಿಯ ಬಾಗಿಲು. ಬಾಗಿಲ ಹೆಸರು ಒಳಗಿನದನ್ನೆಲ್ಲ ನುಂಗಿಕೊಂಡಿತು.

ಇಷ್ಟೆಲ್ಲ ಹೇಳಲು ಕಾರಣ ಈಗಿನ ಹಳೆ ಸಾಮಾನಿನ ಹುಚ್ಚು. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಬಂದು, ತೊಟ್ಟಿ ಮನೆ ಕೆಡವಿದ ಕಡೆಯೆಲ್ಲ ವಿಚಾರಿಸುತ್ತಾರೆ. ಅವರಿಗೆ ಬೇಕಾದದ್ದು ಆಳೆತ್ತರದ ಹಳೆಯ ಮರದ ಬೀರು. ಅಂಗಡಿಯವನು, “ತೊಟ್ಟಿ ಮನೇದು ಸಾರ್, ನೂರೈವತ್ತು ವರ್ಷದ್ದು” ಅನ್ನುತ್ತಾನೆ. ಇಲ್ಲಿ ನನ್ನ ಅನುಮಾನ ಶುರುವಾಗುತ್ತದೆ. ನೂರೈವತ್ತು ವರ್ಷದ ಹಿಂದೆ ಈ ಊರುಗಳ ಸಾಧಾರಣ ರೈತರ ಮನೆಯಲ್ಲಿ ನಿಲ್ಲಿಸುವ ಬೀರು ಇಡಲು ಕಾರಣವೇ ಇರಲಿಲ್ಲ. ರಾಗಿಗೆ ನೆಲದೊಳಗೆ ಹಗೇವು ಇತ್ತು, ಭತ್ತಕ್ಕೆ ಕಣಜ. ಉಪ್ಪಿನಕಾಯಿ ಜಾಡಿ ಅಟ್ಟದ ಮೇಲೆ, ಹಿತ್ತಾಳೆ ಚೊಂಬು ನಾಗಂದಿಗೆಯ ಮೇಲೆ. ದೀಪಕ್ಕೆ ಗೋಡೆಯಲ್ಲಿ ಗೂಡು. ಸೀರೆ, ಒಡವೆ, ಪತ್ರಗಳಿಗೆ ಪೆಟ್ಟಿಗೆ. ಹೆಸರು ಹೊರಗಿನದಾದರೆ ವಸ್ತುವೂ ತಡವಾಗಿ ಬಂದಿರಬೇಕು ಎಂಬುದು ಎಲ್ಲ ಕಡೆ ನಿಲ್ಲುವ ವಾದವಲ್ಲ. ಬೀರುವಿನ ಮಟ್ಟಿಗೆ ಮಾತ್ರ ಬಹುಪಾಲು ನಿಲ್ಲುತ್ತದೆ.

ಎರಡಡಿ ದಪ್ಪದ ಮಣ್ಣುಗೋಡೆಯ ಗೂಡಿಗೆ ಮರದ ಚೌಕಟ್ಟು ಕೂರಿಸಿ, ಎರಡು ಬಾಗಿಲು, ಒಂದು ಚಿಲಕ ಹಾಕಿದಾಗ ಅದು ‘ಗೋಡೆ ಬೀರು’ ಆಯಿತು. ನಮ್ಮ ಕಡೆಯ ಹಳೆಯ ಬೀರು ಅಂದರೆ ಹೆಚ್ಚಾಗಿ ಇದೇ. ಅದಕ್ಕೆ ಬೆನ್ನಿಲ್ಲ, ಪಕ್ಕೆಗಳಿಲ್ಲ, ಗೋಡೆಯೇ ಮೈ. ಮನೆ ಬಿದ್ದಾಗ ಉಳಿಯುವುದು ಚೌಕಟ್ಟು ಮತ್ತು ಬಾಗಿಲು ಮಾತ್ರ. ಅದಕ್ಕೆ ಹೊಸ ಹಲಗೆಯ ಮೈ ಕಟ್ಟಿ ‘ಆಂಟಿಕ್’ ಎಂದು ಮಾರುವವರಿದ್ದಾರೆ. ನನಗೆ ಅದರ ಮೇಲೆ ತಕರಾರಿಲ್ಲ, ಬಾಗಿಲಿನ ಬೆಲೆ ಬಾಗಿಲಿಗೆ, ಹಲಗೆಯ ಬೆಲೆ ಹಲಗೆಗೆ ಹೇಳಿದರೆ. (ಚಿನ್ನದ ಅಂಗಡಿಯಲ್ಲಿ ‘ಆಂಟಿಕ್’ ಎಂದರೆ ಹೋದ ವಾರ ಮಾಡಿ ಮಂಕು ಬಣ್ಣ ಹಚ್ಚಿದ ಸರ. ಆ ಪದಕ್ಕೆ ನಾವು ಕೊಟ್ಟ ಮರ್ಯಾದೆ ಅಷ್ಟೇ.)

ನಿಲ್ಲುವ ಹಳೆಯ ಬೀರುಗಳು ಇಲ್ಲವೆಂದಲ್ಲ. ಅವು ಬಂದ ದಾರಿ ಬೇರೆ. ಸಕಲೇಶಪುರದ ಕಡೆಯ ಕಾಫಿ ತೋಟದ ಬಂಗಲೆಗಳಿಂದ ಇಳಿದವು ಕೆಲವು. ಸರ್ಕಾರಿ ಕಚೇರಿಯ ಹರಾಜಿನಲ್ಲಿ ಬಂದವು ಇನ್ನು ಕೆಲವು. ಇವುಗಳ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತದೆ. ದಯವಿಟ್ಟು ಆ ನಂಬರನ್ನು ಉಜ್ಜಿ ತೆಗೆಸಬೇಡಿ, ಅಂಗಡಿಯವನ ಮಾತಿಗಿಂತ ಅದೇ ನಂಬಿಗಸ್ತ ಜಾತಕ. ವಕೀಲರು, ಡಾಕ್ಟರುಗಳ ಮನೆಯ ಗಾಜಿನ ಬೀರು, ಶಾಲೆಯ ಪುಸ್ತಕದ ಬೀರು. ಕೊನೆಯದರ ಕೀಲಿಕೈ ಹೆಡ್‌ಮೇಷ್ಟ್ರ ಬಳಿ ಇರುತ್ತಿತ್ತು. ಪುಸ್ತಕ ಬೀರುವಿನಲ್ಲಿದೆ ಎಂದರೆ ಯಾರೂ ಓದಿಲ್ಲವೆಂದೇ ಅರ್ಥ. ಎಲ್ಲಕ್ಕಿಂತ ನನಗೆ ಇಷ್ಟ ಅಡುಗೆಮನೆಯ ಜಾಲರಿ ಬೀರು. ಫ್ರಿಜ್ಜು ಬರುವ ಮುಂಚೆ ಹಾಲು, ಮೊಸರು, ಮಿಕ್ಕ ಹುಳಿ ಅದರಲ್ಲಿರುತ್ತಿದ್ದವು. ಗಾಳಿ ಆಡಲು ಜಾಲರಿ, ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು. ಇವು ಅಗ್ಗವಾಗಿ ಸಿಗುತ್ತವೆ, ಯಾರೂ ಕೊಳ್ಳುವುದಿಲ್ಲ. ಕೊಳ್ಳುವವರು ಮೊದಲು ಕಾಲುಗಳ ತುದಿ ನೋಡಿ. ನೀರಿನಲ್ಲಿ ನಿಂತು ನಿಂತು ಅಲ್ಲಿಯೇ ಕೊಳೆತಿರುತ್ತದೆ.

ಮರದ ಬೀರುವಿನ ಹಗೆ ಕಬ್ಬಿಣದ್ದು. ಗಾಡ್ರೇಜ್ ಕಂಪನಿ ಬೀಗಗಳಿಂದ ಶುರುಮಾಡಿ 1923ರಲ್ಲಿ ಉಕ್ಕಿನ ಬೀರು ತಯಾರಿಸಿತು. ಬರಬರುತ್ತಾ ನಮ್ಮಲ್ಲಿ ಬೀರು ಅಂದರೆ ಗಾಡ್ರೇಜ್, ಗಾಡ್ರೇಜ್ ಅಂದರೆ ಬೀರು. ಊರಿನ ವೆಲ್ಡಿಂಗ್ ಶಾಪಿನಲ್ಲಿ ತಗಡು ಬಡಿದು ಮಾಡಿದ್ದೂ ಗಾಡ್ರೇಜೇ. ಮದುವೆಯಲ್ಲಿ ಹೆಣ್ಣಿನ ಮನೆಯವರು ಕೊಡುವ ‘ಬೀರು ಮಂಚ’ ಒಂದೇ ಪದದ ಹಾಗೆ ಬಾಯಿಗೆ ಬರತೊಡಗಿತು. ಮರದ ಪೆಟ್ಟಿಗೆಗಳು ಅಟ್ಟ ಸೇರಿದ್ದು ಆಗ. 1963ರಲ್ಲಿ ವಂಶಪಾರಂಪರ್ಯದ ಶ್ಯಾನುಭೋಗಿಕೆ ರದ್ದಾದ ಮೇಲೆ ಲೆಕ್ಕದ ಪೆಟ್ಟಿಗೆಗಳಿಗೂ ಕೆಲಸ ತಪ್ಪಿತು. ಪದವಾಗಿ ಮಾತ್ರ ಪೆಟ್ಟಿಗೆ ಸೋಲಲಿಲ್ಲ: ಸಿನಿಮಾ ಗೆದ್ದರೆ ಇವತ್ತಿಗೂ ತುಂಬುವುದು ಗಲ್ಲಾಪೆಟ್ಟಿಗೆಯೇ, ಗಲ್ಲಾಬೀರು ಅಲ್ಲ.

ಹಾಗಾಗಿ ಹಾಸನ ಸೀಮೆಯಲ್ಲಿ ನಿಜವಾದ ಹಳೆಯದು ಬೇಕೆನ್ನುವವರಿಗೆ ನನ್ನ ಮಾತು, ಪೆಟ್ಟಿಗೆ ಕೊಳ್ಳಿ. ಬೀಟೆಯದೋ ಹಲಸಿನದೋ, ಹಿತ್ತಾಳೆ ಪಟ್ಟಿ ಬಡಿದದ್ದು, ಒಳಗೆ ಪಕ್ಕದಲ್ಲೊಂದು ಸಣ್ಣ ಖಾನೆ ಇದ್ದದ್ದು. ಆದರೆ ಒಂದು ತೊಂದರೆ ಇದೆ. ಪೆಟ್ಟಿಗೆಯ ತಳದ ಸೀರೆ ಬೇಕಾದರೆ ಮೇಲಿನದೆಲ್ಲ ತೆಗೆಯಬೇಕು. ಬೀರು ಗೆದ್ದದ್ದು ಇದೇ ಕಾರಣಕ್ಕೆ, ಫ್ಯಾಷನ್ನಿಗೆ ಅಲ್ಲ. ದಿನಾ ತೆಗೆಯುವ ಸಾಮಾನಿಗೆ ಬೀರು, ವರ್ಷಕ್ಕೊಮ್ಮೆ ತೆಗೆಯುವುದಕ್ಕೆ ಪೆಟ್ಟಿಗೆ ಎಂದಿಟ್ಟುಕೊಂಡರೆ ಆಯ್ಕೆ ಸುಲಭ.

ಬೀರುವೇ ಬೇಕೆಂದರೆ ಮುಂಭಾಗ ನೋಡಿ ಮರುಳಾಗಬೇಡಿ. ಬೆನ್ನು ತಿರುಗಿಸಿ ನೋಡಿ. ಬೆನ್ನಿಗೆ ಪ್ಲೈವುಡ್ ಇದ್ದರೆ ಮೂಲದ ಹಲಗೆ ಗೆದ್ದಲ ಪಾಲಾಗಿದೆಯೆಂದು ತಿಳಿಯಿರಿ. ಡ್ರಾಯರನ್ನು ಪೂರ್ತಿ ಎಳೆದು ಮೂಲೆ ನೋಡಿ. ಮೊಳೆಯಿಲ್ಲದೆ ಹಲ್ಲಿಗೆ ಹಲ್ಲು ಕೂರಿಸಿದ್ದರೆ ಒಳ್ಳೆಯ ಆಚಾರಿಯ ಕೈ. ಕೆಳಗೆ ಕರಿ ಕಾಗದ ಹಾಸಿ ಕಾಲುಗಳನ್ನು ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕೊರೆಹುಳ ಇನ್ನೂ ಬದುಕಿದೆ. ಬಣ್ಣ ನಂಬಲೇಬೇಡಿ. ಕಾಫಿ ತೋಟದ ನೆರಳಿಗೆಂದು ಬೆಳೆಸುವ, ಮೂಲತಃ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಮರಕ್ಕೆ ಕಪ್ಪುಗೆಂಪು ಬಳಿದರೆ ದೂರಕ್ಕೆ ಬೀಟೆಯಂತೆಯೇ ಕಾಣುತ್ತದೆ. ಒಳಗಿನ ಕಾಣದ ಜಾಗದಲ್ಲಿ ಉಗುರಿನಿಂದ ಗೀರಿದರೆ ಗುಟ್ಟು ರಟ್ಟು. ಹೊಳಪು ಬೇಕಾದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಮಾಡಿಸಿ. ಹಳೆಯ ಮರಕ್ಕೆ ಗಾಜಿನಂತೆ ಮಿನುಗುವ ಈಗಿನ ವಾರ್ನಿಷ್ ಹೊಂದುವುದಿಲ್ಲ.

ಎಲ್ಲಿಡಬೇಕು ಎಂಬುದಕ್ಕೆ ವಾಸ್ತು ಹೇಳುವವರು ನೈರುತ್ಯ ಮೂಲೆ ತೋರಿಸುತ್ತಾರೆ. ಇಡಿ. ಆದರೆ ಅರಕಲಗೂಡಿನ ಕಡೆ ಮುಂಗಾರು ಹೊಡೆಯುವುದೂ ಅದೇ ಮೂಲೆಗೆ. ಗೋಡೆ ತಂಪೇರಿದರೆ ಬೀರುವಿನ ಬೆನ್ನು ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಟ್ಟರೆ ಯಾವ ದೇವರೂ ಸಿಟ್ಟಾಗುವುದಿಲ್ಲ.

ಅಮೆರಿಕದಲ್ಲಿರುವ ಮಗನಿಗೆ ಕಳಿಸುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು ಪುರಾತನವೆನಿಸಿದರೆ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನೂರು ತುಂಬದಿದ್ದರೂ ಬೀಟೆಯದಾದರೆ ತಪ್ಪಿಸಿಕೊಳ್ಳಲಾಗದು: ಅದರ ಕುಲವಿಡೀ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ಬೀರುವಿನಷ್ಟು ಭಾರದ ಸಾಮಾನಿಗೆ ಪರವಾನಗಿ ಬೇಕು. ಅಂದಹಾಗೆ ಅಂಗಡಿಯವನ ‘ನೂರೈವತ್ತು ವರ್ಷ’ದ ಪರೀಕ್ಷೆಗೂ ಇದೇ ಕಾಯಿದೆ ಸಾಕು. ನೂರು ದಾಟಿತೆಂದರೆ ಸಾಮಾನು ಕಾಯಿದೆಯ ಹಿಡಿತಕ್ಕೆ ಬರುತ್ತದಲ್ಲ, ಅಷ್ಟು ವಯಸ್ಸೆಂದು ರಸೀದಿಯಲ್ಲಿ ಬರೆದುಕೊಡಲು ಕೇಳಿ. ಬರೆದುಕೊಟ್ಟರೆ ಕೊಳ್ಳುವುದನ್ನು ಯೋಚಿಸಿ, ಕೊಡದಿದ್ದರೆ ಬರಿಯ ಮರದ ಬೆಲೆಗೆ ಚೌಕಾಸಿ ಮಾಡಿ. ಹೋಗುವಾಗ ನಿಮ್ಮ ಮನೆಯ ಬಾಗಿಲಿನ ಅಗಲವನ್ನೂ ಅಪಾರ್ಟ್‌ಮೆಂಟಾದರೆ ಲಿಫ್ಟಿನ ಎತ್ತರವನ್ನೂ ಬರೆದುಕೊಂಡು ಹೋಗಿ.