ಗಣಕಯಂತ್ರದ ಜಾಹೀರಾತುಗಳಲ್ಲಿ ಚಿತ್ರಕಲೆ

ಮಾರುವವನು ತನ್ನ ಸರಕನ್ನು ಹೊಗಳುವುದು ಲೋಕದಲ್ಲಿ ಹಳೆಯ ಸಂಗತಿ. ಸೀರೆಯ ವರ್ತಕನಿಗೆ ಅಂಚು, ಸೆರಗು, ಬಣ್ಣಗಳೇ ಸಾಕು. ನೋಡಿದೊಡನೆಯೇ ಅದರ ಗುಣವು ತಿಳಿಯುತ್ತದೆ. ಗಣಕಯಂತ್ರದ ಸ್ಥಿತಿಯು ಹಾಗಲ್ಲ. ಹೊರಗಿನಿಂದ ಅದು ಬರಿಯ ಪೆಟ್ಟಿಗೆ. ಅದರ ಕೆಲಸವಾದರೋ ಕಣ್ಣಿಗೆ ಕಾಣದು. ಕಾಣದ ಕೆಲಸವನ್ನು ಕಾಗದದ ಮೇಲೆ ಕಾಣಿಸತಕ್ಕ ಭಾರವು ಕಳೆದ ಶತಮಾನದ ಮಧ್ಯಭಾಗದಿಂದ ಕಲಾನಿರ್ದೇಶಕರೆಂಬವರ ಮೇಲೆ ಬಿದ್ದಿತು. ಚಿತ್ರವಾವುದು, ಅಕ್ಷರವಾವುದು, ಬಯಲಾಗಿ ಬಿಡತಕ್ಕ ಸ್ಥಳವೆಷ್ಟು ಎಂಬುದನ್ನು ಗೊತ್ತುಪಡಿಸುವವರು ಇವರೇ. ನಮ್ಮ ಆಲಂಕಾರಿಕರು ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ವ್ಯಾಪಾರಗಳನ್ನು ಹೇಳಿರುವರಷ್ಟೆ. ಈ ಚಿತ್ರಗಳಲ್ಲಿಯೂ ಆ ಮೂರೂ ಉಂಟು. ಅವು ಒಂದಾದಮೇಲೊಂದರಂತೆ ಹುಟ್ಟಿದುವೆಂದಲ್ಲ. ಒಟ್ಟೊಟ್ಟಿಗೇ ನಡೆದು ಬಂದುವು.

ವಸ್ತುವನ್ನು ಇದ್ದಂತೆಯೇ ತೋರಿಸುವುದು ಅಭಿಧೆಯ ಮಾರ್ಗ. ಇದರಲ್ಲಿ ಮೋಸಕ್ಕೆ ಎಡೆಯಿಲ್ಲವೆಂದು ತೋರಬಹುದು. ಆದರೆ 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಅಮೆರಿಕದ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರವು ಪ್ರಕಟವಾಯಿತು. ಅದರ ಬಿಡಿಭಾಗಗಳು 400 ಡಾಲರುಗಳಿಗಿಂತ ಕಡಮೆ ಬೆಲೆಗೆ ದೊರೆಯುತ್ತಿದ್ದುವು. ತರಿಸಿದವರು ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕಾಗಿದ್ದಿತು. ಮುಖಪುಟವು ಜಾಹೀರಾತಲ್ಲದಿದ್ದರೂ ಜಾಹೀರಾತಿನ ಕೆಲಸವನ್ನೆಲ್ಲ ಮಾಡಿತು. ಬೇಡಿಕೆಗಳು ಪ್ರವಾಹದಂತೆ ಬಂದುವು. ಆದರೆ ನಿಜವಾದ ಯಂತ್ರವು ಸಾಗಣೆಯಲ್ಲಿ ಕಳೆದುಹೋಗಿದ್ದುದರಿಂದ ಚಿತ್ರದಲ್ಲಿ ಕಂಡುದು ಒಳಗೇನೂ ಇಲ್ಲದ ಪೆಟ್ಟಿಗೆ! ವಾಚ್ಯಾರ್ಥವೆಲ್ಲವೂ ಸತ್ಯಾರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಎರಡನೆಯ ಮಾರ್ಗವನ್ನು ಇಟಲಿಯಲ್ಲಿ ನೋಡಬೇಕು. ಇವ್ರೆಯಾ ಎಂಬ ಊರಿನಲ್ಲಿ 1908ರಲ್ಲಿ ಸ್ಥಾಪಿತವಾದ ಒಲಿವೆಟ್ಟಿ ಸಂಸ್ಥೆಯು ಬೆರಳಚ್ಚು ಯಂತ್ರಗಳನ್ನೂ, ಮುಂದೆ ಲೆಕ್ಕದ ಯಂತ್ರಗಳನ್ನೂ, ಅನಂತರ ಗಣಕಗಳನ್ನೂ ನಿರ್ಮಿಸಿತು. ಸಾರ್ಡೀನಿಯಾ ದ್ವೀಪದ ಜೊವಾನ್ನಿ ಪಿಂತೋರಿ ಎಂಬ ಚಿತ್ರಕಾರನು 1936ರಲ್ಲಿ ಅಲ್ಲಿಗೆ ಸೇರಿದನು. 1949ರಲ್ಲಿ ಆತನು ರಚಿಸಿದ ಭಿತ್ತಿಪತ್ರವೊಂದರಲ್ಲಿ ಯಂತ್ರವೇ ಇಲ್ಲ. ಬಣ್ಣಬಣ್ಣದ ಅಂಕಿಗಳು ಹಾಳೆಯ ತುಂಬ ಚೆಲ್ಲಿವೆ, ಅವುಗಳ ನಡುವೆ ಸಂಸ್ಥೆಯ ಹೆಸರು. ಗಂಗೆಯಲ್ಲಿ ಹಳ್ಳಿಯೆಂದರೆ ದಡವನ್ನು ತಿಳಿಯುವಂತೆ, ಅಂಕಿಗಳನ್ನು ಕಂಡವನು ಅವನ್ನು ಎಣಿಸುವ ಯಂತ್ರವನ್ನು ತಿಳಿಯುತ್ತಾನೆ. ಇದು ಶುದ್ಧವಾದ ಲಕ್ಷಣೆ. 1952ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಈ ಸಂಸ್ಥೆಯ ಕೃತಿಗಳ ಪ್ರದರ್ಶನವನ್ನೇ ಏರ್ಪಡಿಸಿತು.

ನ್ಯೂಯಾರ್ಕಿನಲ್ಲಿ ಒಲಿವೆಟ್ಟಿಯ ಅಂಗಡಿಯನ್ನು ಕಂಡ ಐಬಿಎಂ ಸಂಸ್ಥೆಯ ಕಿರಿಯ ಥಾಮಸ್ ವಾಟ್ಸನ್ನನಿಗೆ ತನ್ನ ಸಂಸ್ಥೆಯ ರೂಪವು ನೀರಸವಾಗಿ ತೋರಿತು. ಆತನು ಎಲಿಯಟ್ ನಾಯ್ಸ್ ಎಂಬ ಶಿಲ್ಪಶಾಸ್ತ್ರಜ್ಞನನ್ನು ಕರೆಯಿಸಿದನು. ನಾಯ್ಸನು ಪಾಲ್ ರಾಂಡನನ್ನು ಕೂಡಿಸಿಕೊಂಡನು. 1956ರಲ್ಲಿ ರಾಂಡನು ಸಂಸ್ಥೆಯ ಮೂರಕ್ಷರಗಳಿಗೆ ಹೊಸ ರೂಪವನ್ನು ಕೊಟ್ಟನು; 1972ರಲ್ಲಿ ಅವುಗಳನ್ನು ಎಂಟು ಅಡ್ಡಪಟ್ಟಿಗಳಾಗಿ ಸೀಳಿದನು. 1981ರಲ್ಲಿ ಇಂಗ್ಲಿಷಿನ ಉಚ್ಚಾರಣೆಯನ್ನನುಸರಿಸಿ ಮೊದಲಕ್ಷರಕ್ಕೆ ಕಣ್ಣನ್ನೂ ಎರಡನೆಯದಕ್ಕೆ ಜೇನ್ನೊಣವನ್ನೂ ಬರೆದು, ಮೂರನೆಯದನ್ನು ಮಾತ್ರ ಹಾಗೆಯೇ ಉಳಿಸಿದನು. ನಮ್ಮ ಪ್ರಹೇಲಿಕೆಗಳ ಜಾತಿಗೆ ಸೇರಿದ ಈ ಚಿತ್ರಕ್ಕೆ ಸಂಸ್ಥೆಯವರೇ ಮೊದಲು ಅಡ್ಡಿಮಾಡಿದರು. ಎಲ್ಲರೂ ಲಾಂಛನದೊಡನೆ ಆಟವಾಡಿಯಾರೆಂಬುದು ಅವರ ಭಯ. ಇಂದು ಅದೇ ಅವರ ಅತ್ಯಂತ ಪ್ರಸಿದ್ಧವಾದ ಚಿತ್ರಗಳಲ್ಲೊಂದು.

ಮೂರನೆಯದಾದ ವ್ಯಂಜನೆಯೇ ನಮ್ಮನ್ನು ವಿಚಾರಕ್ಕೆ ಹಚ್ಚತಕ್ಕದ್ದು. 1997ರಲ್ಲಿ ಆಪಲ್ ಸಂಸ್ಥೆಯು ಹೊರಡಿಸಿದ ಜಾಹೀರಾತುಗಳಲ್ಲಿ ಯಂತ್ರವೂ ಇಲ್ಲ, ಯಂತ್ರದ ಕಾರ್ಯವೂ ಇಲ್ಲ. ಮಹಾಪುರುಷರೊಬ್ಬರ ಕಪ್ಪುಬಿಳುಪಿನ ಭಾವಚಿತ್ರ, ಒಂದು ಮೂಲೆಯಲ್ಲಿ ಬಣ್ಣದ ಪಟ್ಟೆಗಳ ಪುಟ್ಟ ಸೇಬು, ‘ಬೇರೆಯಾಗಿ ಯೋಚಿಸು’ ಎಂಬರ್ಥದ ಎರಡೇ ಇಂಗ್ಲಿಷ್ ಮಾತು. ಹೀಗೆ ಮುದ್ರಿತರಾದವರಲ್ಲಿ ನಮ್ಮ ಗಾಂಧೀಜಿಯವರೂ ಒಬ್ಬರು: ಬರಿಯ ನೆಲದ ಮೇಲೆ ಕುಳಿತು ಕಾಗದಗಳನ್ನು ಓದುತ್ತಿರುವ ಚಿತ್ರ. ಸಲ್ಮಾನ್ ರಶ್ದಿಯವರು 1998ರಲ್ಲಿ ‘ಟೈಮ್’ ಪತ್ರಿಕೆಯ ಲೇಖನವೊಂದರಲ್ಲಿ ಇದರ ಅಸಂಗತಿಯನ್ನು ಎತ್ತಿ ಆಡಿದರು.

ಇಲ್ಲಿ ಪೂರ್ವಪಕ್ಷವೊಂದುಂಟು. ಗಾಂಧೀಜಿಯವರು ಯಂತ್ರಮಾತ್ರದ ವೈರಿಗಳಲ್ಲ; ಯಂತ್ರದ ಹುಚ್ಚಿಗೆ ಮಾತ್ರ ವಿರೋಧಿಗಳೆಂದು 1924ರಲ್ಲಿ ಅವರೇ ಹೇಳಿ, ಸಿಂಗರನ ಹೊಲಿಗೆಯ ಯಂತ್ರವನ್ನು ಮೆಚ್ಚಿದ್ದರು. ಆದುದರಿಂದ ದೋಷವೇನು? ದೋಷವು ಯಂತ್ರದಲ್ಲಿಲ್ಲ, ವಕ್ತೃವಿನಲ್ಲಿದೆ. ಒಂದೇ ವಾಕ್ಯವು ಹೇಳುವವನ ಭೇದದಿಂದ ಬೇರೆ ಬೇರೆ ಅರ್ಥವನ್ನು ಧ್ವನಿಸುವುದೆಂದು ಮಮ್ಮಟನು ತಿಳಿಸಿದ್ದಾನೆ. ಇಲ್ಲಿ ಮಾತನಾಡುವವನು ವ್ಯಾಪಾರಿ. ಆಡಿದಂತೆ ತೋರುವವರು ಮಹಾತ್ಮರು. 1948ರಲ್ಲಿಯೇ ತೀರಿಕೊಂಡವರು ಒಪ್ಪಿದರೆಂದೂ ಹೇಳಲಾರರು, ಒಪ್ಪಲಿಲ್ಲವೆಂದೂ ಹೇಳಲಾರರು. ಕ್ಷೇಮೇಂದ್ರನು ಕಾವ್ಯದ ಪ್ರಾಣವೆಂದು ಎಣಿಸಿದ ಔಚಿತ್ಯವು ಇಲ್ಲಿ ಭಂಗವಾಗಿದೆಯೆಂದೇ ನನ್ನ ಎಣಿಕೆ. ಪಿಂತೋರಿಯ ಅಂಕಿಗಳು ಯಂತ್ರದವೇ. ರಾಂಡನ ಜೇನ್ನೊಣವು ಅಕ್ಷರದ್ದೇ. ಈ ಭಾವಚಿತ್ರದ ಪುಣ್ಯವಾದರೋ ಎರವಲಿನದು.

ಚಿತ್ರದ ಚೆಲುವನ್ನು ಮೆಚ್ಚುವುದಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಆದರೆ ನಮ್ಮ ಮನೆಗಳ ಮಕ್ಕಳು ಇಂದು ಅಕ್ಷರಗಳಿಗಿಂತ ಮೊದಲು ಇಂತಹ ಚಿತ್ರಗಳನ್ನೇ ಓದುತ್ತಾರೆ. ವಾಕ್ಯಕ್ಕೆ ಕರ್ತೃಪದವನ್ನು ಹುಡುಕಲು ಕಲಿಸುವ ನಾವು, ಚಿತ್ರವನ್ನು ಕಂಡಾಗಲೂ ‘ಇಲ್ಲಿ ಮಾತನಾಡುತ್ತಿರುವವರು ಯಾರು?’ ಎಂದು ಕೇಳುವುದನ್ನು ಅವರಿಗೆ ಕಲಿಸಬೇಕಾಗಿದೆ.