ಅಜ್ಜಿಯ ಭಾರ, ಎಸಿಯ ಭಾರ

ಅಪ್ಪನ ಕಾರು ಮತ್ತು ನಾನು ಹೆಚ್ಚು ಕಮ್ಮಿ ಒಂದೇ ವಯಸ್ಸಿನವರು. ಕಾರ್ಬೊರೇಟರ್ ಕಾಲದ ಪುಟ್ಟ ಕಾರು ಅದು. ಕಂಪನಿ ಹೆಸರು ಬೇಡ ಬಿಡಿ, ಪಾಪ, ಇಷ್ಟು ವರ್ಷ ಓಡಿದ ಮೇಲೆ ಅವರದ್ದೇನು ತಪ್ಪು? "ಮಾರಿಬಿಡಿ" ಅಂದ್ರೆ ಅಪ್ಪ "ನಿನ್ನನ್ನ ಮಾರಿದ್ನಾ?" ಅಂತಾರೆ. ಅಲ್ಲಿಗೆ ಮಾತು ಮುಗೀತು.

ಈ ಕಾರಿಗೊಂದು ಚಾಳಿ ಇತ್ತು. ಓಡುವಾಗ ಎಸಿ ಹಾಕಿದ್ರೆ ಏನೂ ತಕರಾರಿಲ್ಲ. ಸಿಗ್ನಲ್ಲಿನಲ್ಲಿ ನಿಂತ್ರೆ ಮಾತ್ರ ಇಂಜಿನ್ನು ಗಡಗಡ ನಡುಗೋಕೆ ಶುರು. ಸ್ಟೀರಿಂಗು, ಡ್ಯಾಶ್‌ಬೋರ್ಡು, ಅದರ ಮೇಲೆ ಕೂತ ಗಣಪತಿ ಎಲ್ಲಾ ಒಟ್ಟಿಗೆ ಕುಣಿಯೋದು. ಒಮ್ಮೊಮ್ಮೆ ಆಫ್ ಆಗೇ ಬಿಡೋದು. ಅಪ್ಪ ಇದಕ್ಕೆ ಒಗ್ಗಿಹೋಗಿದ್ರು. ಕೆಂಪು ದೀಪ ಕಂಡ ಕೂಡ್ಲೇ ಒಂದು ಕೈ ಗೇರಿಗೆ, ಇನ್ನೊಂದು ಕೈ ಎಸಿ ಸ್ವಿಚ್ಚಿಗೆ. ಸ್ಟೀರಿಂಗ್ ಹಿಡಿಯೋಕೆ ಮೂರನೇ ಕೈ ಬೇಕಿತ್ತು.

ಒಂದು ಏಪ್ರಿಲ್‌ನಲ್ಲಿ ಅಜ್ಜಿಗೆ ಆಪರೇಷನ್ ಆಗಿ ದಾವಣಗೆರೆಯಿಂದ ಊರಿಗೆ ಕರ್ಕೊಂಡು ಹೊರಟಿದ್ವಿ. "ಬಿಸಿಲಿಗೆ ಒಡ್ಡಬೇಡಿ" ಅಂತ ಡಾಕ್ಟ್ರು ಹೇಳಿದ್ರು. ದಾರೀಲಿ ರೈಲ್ವೆ ಗೇಟು ಹಾಕಿದ್ರು. ಮುಂದೆ ಟ್ರ್ಯಾಕ್ಟರು, ಹಿಂದೆ ಲಾರಿಗಳ ಸಾಲು, ಮೇಲೆ ಮಟಮಟ ಮಧ್ಯಾಹ್ನ. ಎಸಿ ಹಾಕಿದ್ರೆ ಇಂಜಿನ್ ನಿಲ್ಲುತ್ತೆ, ತೆಗೆದ್ರೆ ಅಜ್ಜಿ ಬೇಯ್ತಾರೆ. ಅಪ್ಪ ಧೈರ್ಯ ಮಾಡಿ ಎಸಿ ಹಾಕಿದ್ರು. ಗೇಟ್ ತೆಗೆಯೋ ಹೊತ್ತಿಗೆ ಸರಿಯಾಗಿ ಗಾಡಿ ಆಫ್! ಹಿಂದಿನವರ ಹಾರ್ನ್ ಕೇಳಬೇಕಿತ್ತು ನೀವು. ಮೂರು ಸಲ ಕೀ ತಿರುಗಿಸಿದ ಮೇಲೆ ಸ್ಟಾರ್ಟ್ ಆಯ್ತು. ಅಷ್ಟರಲ್ಲಿ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಳ್ತಾ ಮೆಲ್ಲಗೆ ಅಂದ್ರು: "ನನ್ನ ಭಾರಕ್ಕೇ ನಿಂತೋಯ್ತೇನಪ್ಪಾ? ನನ್ನ ಬಸ್ಸಿಗೆ ಹತ್ತಿಸಿದ್ರೆ ಆಗಿತ್ತು."

ಇಂಜಿನಿಯರಿಂಗ್ ಓದಿದ ಮೊಮ್ಮಗ ಪಕ್ಕದಲ್ಲೇ ಪೇಪರಿನಲ್ಲಿ ಗಾಳಿ ಬೀಸ್ತಾ ಕೂತಿದ್ದೆ. ಉತ್ತರ ಹೇಳೋಕೆ ಬಾಯಿ ಬರಲಿಲ್ಲ. ಅವತ್ತು ರಾತ್ರಿ ಕೂತು ಓದೋಕೆ ಶುರು ಮಾಡಿದ್ದು, ಎಲ್ಲಿಂದ ಎಲ್ಲಿಗೋ ಕರ್ಕೊಂಡು ಹೋಯ್ತು.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಎಕ್ಸಲೇಟರ್ ಮೇಲೆ ಕಾಲಿಲ್ಲದಾಗ ಇಂಜಿನ್ನಿಗೆ ಗಾಳಿ ಹೋಗೋ ಬಾಗಿಲು, ಅಂದ್ರೆ ಥ್ರಾಟಲ್, ಬಹುತೇಕ ಮುಚ್ಚಿರುತ್ತೆ. ಉಸಿರು ನಿಲ್ಲದಿರಲಿ ಅನ್ನೋವಷ್ಟೇ ಗಾಳಿ, ಪೆಟ್ರೋಲು. ನಿಮಿಷಕ್ಕೆ ಸುಮಾರು 800-900 ಸುತ್ತು. ಅದರಿಂದ ಬರೋ ಶಕ್ತಿ ತನ್ನದೇ ಘರ್ಷಣೆಗೆ ಖರ್ಚಾಗಿ ಹೋಗುತ್ತೆ. ಹಬ್ಬಕ್ಕೆ ಮುಂಚೆಯೇ ಸಂಬಳ ಖಾಲಿ ಆದ ಹಾಗೆ. ಆ ಹೊತ್ತಿಗೆ ಎಸಿ ಕಂಪ್ರೆಸರ್ ಬಂದು ಒಂದೆರಡು ಅಶ್ವಶಕ್ತಿ ಸಾಲ ಕೇಳಿದ್ರೆ ಇಂಜಿನ್ ನಡುಗದೆ ಇನ್ನೇನು ಮಾಡೀತು?

ಈ ಸಾಲಗಾರ ಕಾರಿನೊಳಗೆ ಬಂದಿದ್ದು ಅಮೆರಿಕಾದಲ್ಲಿ. 1939ರ ನವೆಂಬರ್‌ನಲ್ಲಿ ಷಿಕಾಗೋದ ಆಟೋ ಪ್ರದರ್ಶನದಲ್ಲಿ ಪ್ಯಾಕಾರ್ಡ್ ಕಂಪನಿ ತನ್ನ 1940ರ ಮಾದರಿಗೆ ಎಸಿ ಕೊಡ್ತೀವಿ ಅಂತ ತೋರಿಸಿತು. ಬೆಲೆ 274 ಡಾಲರ್. ತಣ್ಣಗೆ ಮಾಡೋ ಪೆಟ್ಟಿಗೆ ಡಿಕ್ಕಿಯ ಅರ್ಧ ಜಾಗ ನುಂಗುತ್ತಿತ್ತು. ಅದಕ್ಕಿಂತ ಮಜಾ ಕೇಳಿ, ಕಂಪ್ರೆಸರನ್ನ ಬಿಡಿಸೋಕೆ ಕ್ಲಚ್ಚೇ ಇರಲಿಲ್ಲ! ಇಂಜಿನ್ ಓಡುವಷ್ಟು ಹೊತ್ತೂ ಅದೂ ಓಡ್ತಾ ಇರಬೇಕು. ಚಳಿಗಾಲ ಬಂದ್ರೆ ಬಾನೆಟ್ ಎತ್ತಿ ಬೆಲ್ಟನ್ನೇ ಬಿಚ್ಚಿಡಬೇಕು. 1941ರ ನಂತರ ಪ್ಯಾಕಾರ್ಡ್ ಇದನ್ನ ಕೈಬಿಟ್ಟಿತು. ಆದರೆ ಒಂದು ಮಾತು, ಅಲ್ಲಿ ಇಂಜಿನ್ನಿಗೆ ದಿಢೀರ್ ಆಘಾತ ಇರಲಿಲ್ಲ. ಭಾರ ಯಾವಾಗಲೂ ಹೆಗಲ ಮೇಲೇ ಇತ್ತು.

1954ರಲ್ಲಿ ನ್ಯಾಶ್ ಕಂಪನಿಯ ಅಂಬಾಸಡರ್ ಬಂತು. ನಮ್ಮ ಅಂಬಾಸಡರ್ ಅಲ್ಲ, ಇದು ಅಮೆರಿಕಾದ್ದು. ಎಸಿಯ ಸಾಮಾನೆಲ್ಲಾ ಡಿಕ್ಕಿ ಬಿಟ್ಟು ಬಾನೆಟ್ ಕೆಳಗೆ ಬಂತು, ಸ್ವಿಚ್ಚು ಡ್ಯಾಶ್‌ಬೋರ್ಡಿಗೆ ಬಂತು, ಕಂಪ್ರೆಸರಿಗೆ ವಿದ್ಯುತ್ ಕ್ಲಚ್ ಬಂತು. ಸ್ವಿಚ್ ಒತ್ತಿದ್ರೆ ಅಯಸ್ಕಾಂತ 'ಟಕ್' ಅಂತ ಎಳ್ಕೊಳ್ಳುತ್ತೆ, ಬಿಟ್ರೆ ಬಿಡುತ್ತೆ. ಈಗಲೂ ಹಳೇ ಕಾರಲ್ಲಿ ಎಸಿ ಹಾಕಿದಾಗ ಕೇಳಿಸೋ ಸದ್ದು ಅದೇ. ನೋಡಿ, ಬೆಲ್ಟ್ ಬಿಚ್ಚೋ ಕಷ್ಟ ತಪ್ಪಿತು. ಆದರೆ ಹೇಳದೆ ಕೇಳದೆ ಧುತ್ತೆಂದು ಬೀಳೋ ಭಾರ ಅನ್ನೋ ಹೊಸ ತಲೆನೋವು ಜೊತೆಗೇ ಬಂತು. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಚೆನ್ನಾಗಿ ಗೊತ್ತು. ಒಂದು ಬಗ್ ಸರಿಮಾಡಿದ್ರೆ ಎರಡು ಹುಟ್ಟುತ್ತೆ.

ಆ ಕಾರಿಗೆ 4 ಲೀಟರ್ ದಾಟಿದ ಇಂಜಿನ್ ಇತ್ತು, ಒಂದೆರಡು ಅಶ್ವಶಕ್ತಿ ಅದಕ್ಕೆ ಲೆಕ್ಕಕ್ಕಿಲ್ಲ. ಕಷ್ಟ ಆಗೋದು ಬಡವರಿಗೆ. ನಮ್ಮಲ್ಲಿ 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಇಂಜಿನ್ 796 ಸಿಸಿ, ಮೂರು ಸಿಲಿಂಡರ್. 1984ರಲ್ಲಿ ಬಂದ ಕಾಂಟೆಸಾ ನೋಡೋಕೆ ಆನೆ, ಮೊದಲು ಅದಕ್ಕೆ ಹಾಕಿದ್ದು 1489 ಸಿಸಿಯ, ಸುಮಾರು 50 ಅಶ್ವಶಕ್ತಿಯ ಇಂಜಿನ್. ಇಂಥ ಇಂಜಿನ್ನುಗಳಿಗೆ ಎಸಿ ಅನ್ನೋದು ಮನೆಗೆ ದಿಢೀರ್ ಬಂದ ಹತ್ತು ಜನ ನೆಂಟರ ಹಾಗೆ.

ಇದಕ್ಕೆ ಎರಡು ದಾರಿ ಇದೆ. ಮೊದಲನೆಯದು ಬಹಳ ಹಳೇದು. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿ ಯಂತ್ರಕ್ಕೆ ತಿರುಗೋ ಗುಂಡುಗಳ ಗವರ್ನರ್ ಹಾಕಿದ. ವೇಗ ಇಳಿದ್ರೆ ಗುಂಡುಗಳು ಕೆಳಗಿಳಿದು ಉಗಿಯ ಬಾಗಿಲು ತೆಗೀತಾವೆ. ಇಂಥ ಗವರ್ನರುಗಳು ಯಾವಾಗ ಸ್ಥಿರವಾಗಿರುತ್ತವೆ ಅಂತ 1868ರಲ್ಲಿ ಮ್ಯಾಕ್ಸ್‌ವೆಲ್ ಗಣಿತವನ್ನೇ ಬರೆದ. ನಾವು ಕಂಟ್ರೋಲ್ ಸಿಸ್ಟಮ್ಸ್ ಪೇಪರಿಗೆ ಹಿಂದಿನ ರಾತ್ರಿ ಉರು ಹೊಡೆದ ಫೀಡ್‌ಬ್ಯಾಕ್‌ನ ಮೂಲ ಅಲ್ಲೇ ಇದೆ. ಆದರೆ ಇದರಲ್ಲಿ ಒಂದು ಕೊರತೆ. ವೇಗ ಇಳಿದ *ಮೇಲೆ* ಗೊತ್ತಾಗುತ್ತೆ. ಉಸಿರಿಗಷ್ಟೇ ಸಾಕಾಗೋ ಸಣ್ಣ ಇಂಜಿನ್ನಿಗೆ ಅಷ್ಟರಲ್ಲಿ ಉಸಿರು ಹೋಗಿರುತ್ತೆ.

ಎರಡನೇ ದಾರಿ: ಭಾರ ಬರ್ತಾ ಇದೆ ಅಂತ *ಮೊದಲೇ* ಹೇಳೋದು. ಕಾರ್ಬೊರೇಟರ್ ಕಾಲದವರು ಮಾಡಿದ್ದು ಇದನ್ನೇ, ಅದೂ ಕಂಪ್ಯೂಟರ್ ಇಲ್ಲದೆ! ಎಸಿ ಸ್ವಿಚ್ಚಿನಿಂದ ಕ್ಲಚ್ಚಿಗೆ ಹೋಗೋ ಕರೆಂಟು ಒಂದು ಪುಟ್ಟ ವಾಲ್ವಿಗೂ ಹೋಗುತ್ತೆ. ವಾಲ್ವ್ ತೆರೆದು ಇಂಜಿನ್ನಿನದೇ ಹೀರುವ ಬಲವನ್ನ ಒಂದು ರಬ್ಬರ್ ಪೈಪಿನಲ್ಲಿ ಡಯಾಫ್ರಮ್ಮಿಗೆ ಕಳಿಸುತ್ತೆ. ಡಯಾಫ್ರಮ್ ಒಂದು ಕಡ್ಡಿಯನ್ನ ಎಳೆದು ಥ್ರಾಟಲನ್ನ ಕೂದಲೆಳೆಯಷ್ಟು ತೆಗೆಯುತ್ತೆ. ಯಾರೋ ಮೆಲ್ಲಗೆ ಎಕ್ಸಲೇಟರ್ ಒತ್ತಿದ ಹಾಗೆ. ಇದಕ್ಕೆ 'ಐಡಲ್ ಅಪ್' ಅಂತಾರೆ. ಓದಿ ಮುಗಿಸಿದಾಗ ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟೋದೊಂದು ಬಾಕಿ.

ಆಮೇಲೆ ಕಂಪ್ಯೂಟರ್ ಬಂತು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರೋನಿಕ್ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ತಂದಿತು. ನಮ್ಮ ದೇಶದಲ್ಲಿ ಕಾರ್ಬೊರೇಟರಿಗೆ ಕೊನೇ ಗಂಟೆ ಬಾರಿಸಿದ್ದರಲ್ಲಿ 1999ರ ಸುಪ್ರೀಂ ಕೋರ್ಟ್ ಆದೇಶದ ಪಾಲು ದೊಡ್ಡದು: ದೆಹಲಿ ಸುತ್ತಮುತ್ತ ಆ ಜೂನ್‌ನಿಂದ ಯೂರೋ-1, 2000ದ ಏಪ್ರಿಲ್‌ನಿಂದ ಯೂರೋ-2. ಇಂಜೆಕ್ಷನ್ ಕಾರಿನಲ್ಲಿ ಎಸಿ ಸ್ವಿಚ್ಚು ಮೊದಲು ಕಂಪ್ಯೂಟರಿನ ಅಪ್ಪಣೆ ಕೇಳುತ್ತೆ. ಅದು ಗಾಳಿಯ ವಾಲ್ವ್ ತೆಗೆದು ಸಿದ್ಧವಾಗಿ, ಆಮೇಲೆ ಕ್ಲಚ್ಚಿಗೆ "ಹೂಂ" ಅನ್ನುತ್ತೆ. ವೇಗವನ್ನೂ ನೋಡ್ತಾ ತಿದ್ದುತ್ತೆ. ಅಂದ್ರೆ ವ್ಯಾಟನ ಗವರ್ನರೂ ಉಂಟು, ಐಡಲ್ ಅಪ್ಪೂ ಉಂಟು. 2003ರಲ್ಲಿ ಬಂದ ಟೊಯೋಟಾ ಪ್ರಿಯಸ್‌ನ ಎರಡನೇ ತಲೆಮಾರು ಇನ್ನೂ ಮುಂದೆ ಹೋಗಿ ಕಂಪ್ರೆಸರಿಗೆ ಬೇರೆ ಮೋಟರನ್ನೇ ಕೊಟ್ಟಿತು. ಇಂಜಿನ್ನಿಗೂ ಎಸಿಗೂ ಬೆಲ್ಟಿನ ಸಂಬಂಧವೇ ಮುಗೀತು!

ಇರಲಿ, ನಮ್ಮ ಕಾರಿಗೆ ಬರೋಣ. ಹಿಂದೆ ಒಬ್ಬ ಮೆಕ್ಯಾನಿಕ್ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಕೊಟ್ಟಿದ್ದ. ಆಗ ಎಸಿ ಹಾಕಿದ್ರೆ ಸರಿ, ಆರಿಸಿದ್ರೆ ಇಂಜಿನ್ನು ಅರಚೋದು, ಪೆಟ್ರೋಲು ಕುಡಿಯೋದು. ಇನ್ನೊಬ್ಬ ಅದನ್ನ ಇಳಿಸಿದ. ಹೀಗೆ ಐದು ವರ್ಷ ಹತ್ತಿಸೋದು ಇಳಿಸೋದು. ಭಾನುವಾರ ನಾನೂ ಅಪ್ಪನೂ ಬಾನೆಟ್ ಎತ್ತಿ, ಅಪ್ಪ ಎಸಿ ಸ್ವಿಚ್ ಹಾಕ್ತಾ ತೆಗೀತಾ, ನಾನು ಆ ಕಡ್ಡಿಯನ್ನೇ ನೋಡ್ತಾ ನಿಂತೆ. ಕಂಪ್ರೆಸರ್ 'ಟಕ್' ಅಂತು, ಕಡ್ಡಿ ಅಲ್ಲಾಡಲಿಲ್ಲ. ಡಯಾಫ್ರಮ್ಮಿಗೆ ಹೋಗೋ ಪೈಪು ಮುಟ್ಟಿದೆ. ಬಿಸಿಗೆ ಹಪ್ಪಳದ ಹಾಗಾಗಿ ಬುಡದಲ್ಲಿ ಸೀಳಿತ್ತು. ಇಂಜಿನ್ನಿಗೆ ಸುದ್ದಿ ಮುಟ್ಟಿಸೋ ಅಂಚೆಯಣ್ಣನೇ ಸತ್ತಿದ್ದ!

ಒಂದು ಮೊಳ ವ್ಯಾಕ್ಯೂಮ್ ಪೈಪು, ಕಾಫಿಗಿಂತ ಹೆಚ್ಚೇನೂ ಖರ್ಚಾಗಲಿಲ್ಲ. ಆಮೇಲೆ ಇಂಜಿನ್ ಬಿಸಿ ಮಾಡಿ, ಮೊದಲು ಎಸಿ ಆರಿಸಿ ಐಡ್ಲಿಂಗ್ ಸ್ಕ್ರೂ ಅದರ ಜಾಗಕ್ಕೆ ತಂದ್ವಿ. ಆಮೇಲೆ ಎಸಿ ಹಾಕಿ ಡಯಾಫ್ರಮ್ಮಿನ ಸ್ಕ್ರೂ ಸರಿಮಾಡಿದ್ವಿ. ಈ ಕ್ರಮ ತಪ್ಪಿಸಬೇಡಿ, ಐದು ವರ್ಷ ನಮ್ಮ ಕಾರಿಗೆ ಆಗಿದ್ದು ಅದೇ. ನಿಮ್ಮದು ಇಂಜೆಕ್ಷನ್ ಇರೋ ಹಳೇ ಕಾರಾದ್ರೆ ಸ್ಕ್ರೂ ಮುಟ್ಟೋ ಮೊದಲು ಥ್ರಾಟಲ್ ಮತ್ತು ಗಾಳಿ ವಾಲ್ವಿನಲ್ಲಿ ಕಟ್ಟಿದ ಮಸಿ ತೆಗೆಸಿ ನೋಡಿ.

ಮುಂದಿನ ತಿಂಗಳು ಅಜ್ಜಿಯನ್ನ ಚೆಕಪ್ಪಿಗೆ ಕರ್ಕೊಂಡು ಹೊರಟ್ವಿ. ಮತ್ತದೇ ಗೇಟು, ಮತ್ತದೇ ಬಿಸಿಲು. ಎಸಿ ಓಡ್ತಾ ಇತ್ತು, ಗಣಪತಿ ಅಲ್ಲಾಡದೆ ಕೂತಿದ್ದ. ನಾನು ಅಜ್ಜಿಗೆ ಹೇಳಿದೆ, "ಅವತ್ತು ಗಾಡಿ ನಿಂತಿದ್ದು ನಿನ್ನ ಭಾರಕ್ಕಲ್ಲ ಅಜ್ಜಿ. ಭಾರ ಬರುತ್ತೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಸೆರಗು ಹೊದ್ಕೊಂಡು ಅಂದ್ರು: "ಅದೆಲ್ಲಾ ಇರ್ಲಿ ಮಗಾ, ಚಳಿ ಆಗ್ತಿದೆ. ಆರಿಸೋದನ್ನ."