ಮರೆತವರು ಬರೆಸಿದ ನೆನಪಿನ ಚರಿತ್ರೆ

ನೆನಪನ್ನು ಕುರಿತು ಮಾತನಾಡುವಾಗ ಭಾಷೆಗಳು ಬಹುಮಟ್ಟಿಗೆ ಸಂಗ್ರಹದ ರೂಪಕಗಳನ್ನೇ ಆಶ್ರಯಿಸಿವೆ. ನೆನಪಿನ ಬುತ್ತಿ, ನೆನಪಿನ ಕಣಜ, ನೆನಪಿನ ಭಂಡಾರ ಎಂಬ ಮಾತುಗಳು ಕನ್ನಡದಲ್ಲಿ ಬಳಕೆಯಲ್ಲಿವೆ. ಗ್ರೀಕ್ ದಾರ್ಶನಿಕ ಪ್ಲೇಟೊ ‘ಥಿಯೆಟೆಟಸ್’ ಸಂವಾದದಲ್ಲಿ ಮನಸ್ಸನ್ನು ಮೊದಲು ಮುದ್ರೆಯೊತ್ತುವ ಮೇಣದ ಹಲಗೆಗೂ ಬಳಿಕ ಹಕ್ಕಿಗಳನ್ನು ಕೂಡಿಹಾಕಿದ ಪಂಜರಕ್ಕೂ ಹೋಲಿಸಿದ್ದಾನೆ. ಒಳಗೆ ಉಳಿದದ್ದು ನೆನಪು, ಹೊರಗೆ ಸೋರಿಹೋದದ್ದು ಮರೆವು ಎಂಬುದು ಈ ರೂಪಕಗಳ ಹಿಂದಿರುವ ಗ್ರಹಿಕೆ. ಕಳೆದ ಸುಮಾರು ನೂರನಲವತ್ತು ವರ್ಷಗಳ ಅಧ್ಯಯನವು ಈ ಗ್ರಹಿಕೆಯನ್ನು ಕೆಡವಿತು. ಹಾಗೆ ಕೆಡವಲು ಮುಖ್ಯವಾಗಿ ಕಾರಣರಾದವರು ಅಸಾಧಾರಣ ಧಾರಣಶಕ್ತಿಯ ಪಂಡಿತರಲ್ಲ, ನೆನಪನ್ನು ಕಳೆದುಕೊಂಡ ಕೆಲವು ರೋಗಿಗಳು ಎಂಬುದು ಚರಿತ್ರೆಯ ವೈಚಿತ್ರ್ಯ.

ಈ ಚರಿತ್ರೆಯನ್ನು ಗ್ರಹಿಸಲು ಭಾರತೀಯ ಪ್ರಮಾಣಶಾಸ್ತ್ರದ ಒಂದು ಹಳೆಯ ವಿವಾದ ಸಹಾಯಕವಾಗುತ್ತದೆ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಅದು ಹಿಂದಿನ ಅನುಭವದ ಸಂಸ್ಕಾರದಿಂದ ಹುಟ್ಟುವಂಥದ್ದು, ಹೊಸದೇನನ್ನೂ ತಿಳಿಸುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಜೈನ ತಾರ್ಕಿಕರು ಇದಕ್ಕೆ ಭಿನ್ನವಾಗಿ ಸ್ಮೃತಿಯನ್ನೂ ಪ್ರತ್ಯಭಿಜ್ಞಾನವನ್ನೂ ಪರೋಕ್ಷ ಪ್ರಮಾಣದ ಎರಡು ಬೇರೆಬೇರೆ ಭೇದಗಳೆಂದು ಎಣಿಸಿದರು. ಹಿಂದೆ ಕಂಡದ್ದನ್ನು ನೆನೆಯುವುದು ಸ್ಮೃತಿ. ಎದುರಿಗಿರುವುದು ಹಿಂದೆ ಕಂಡದ್ದೇ ಎಂದು ಗುರುತಿಸುವುದು ಪ್ರತ್ಯಭಿಜ್ಞಾನ. ಇವೆರಡಕ್ಕೂ ಮುನ್ನ ಅರಿವು ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳನ್ನು ಹಾಯುತ್ತದೆಂದು ‘ತತ್ತ್ವಾರ್ಥಸೂತ್ರ’ದ ಪರಂಪರೆ ಹೇಳುತ್ತದೆ. ಇವು ಮೆದುಳಿನ ಪರೀಕ್ಷೆಯಿಂದ ಹುಟ್ಟಿದ ಪದಗಳಲ್ಲ. ಇಂದಿನ ವಿಜ್ಞಾನವನ್ನು ಪ್ರಾಚೀನರು ಮೊದಲೇ ಕಂಡಿದ್ದರೆಂದು ವಾದಿಸುವುದೂ ಸರಿಯಾಗದು. ಆದರೆ ಹಿಡಿದಿಟ್ಟುಕೊಳ್ಳುವುದು, ನೆನೆಯುವುದು, ಗುರುತಿಸುವುದು ಇವು ಒಂದೇ ಕ್ರಿಯೆಯಲ್ಲ ಎಂಬ ವಿವೇಕ ಈ ಪರಿಭಾಷೆಯಲ್ಲಿದೆ. ಪಶ್ಚಿಮದ ಪ್ರಯೋಗಶಾಲೆಗಳೂ ಆಸ್ಪತ್ರೆಗಳೂ ಇದೇ ವಿವೇಕವನ್ನು ಬೇರೊಂದು ದಾರಿಯಲ್ಲಿ, ಹೆಚ್ಚಿನ ಬೆಲೆ ತೆತ್ತು ಗಳಿಸಬೇಕಾಯಿತು.

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ‘ನೆನಪನ್ನು ಕುರಿತು’ ಎಂಬ ಅವರ ಗ್ರಂಥದ ಪ್ರಯೋಗಗಳಿಗೆಲ್ಲ ಒಳಗಾದ ವ್ಯಕ್ತಿ ಒಬ್ಬರೇ, ಅದು ಸ್ವತಃ ಗ್ರಂಥಕರ್ತರು. ಅರ್ಥದ ಸಂಬಂಧವಿದ್ದರೆ ಕಲಿಕೆ ಸುಲಭವಾಗುತ್ತದೆಂದು ಅರಿತ ಅವರು ಸುಮಾರು 2,300 ಅರ್ಥರಹಿತ ಉಚ್ಚಾರಾಂಶಗಳನ್ನು ರಚಿಸಿಕೊಂಡು, ಅವುಗಳ ಸರಣಿಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಓದಿದರು. ಬಳಿಕ ಗೊತ್ತಾದ ಅವಧಿ ಕಳೆದ ಮೇಲೆ ಅದೇ ಸರಣಿಯನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟರು. 20 ನಿಮಿಷದ ನಂತರ ಉಳಿತಾಯ ಶೇಕಡಾ 58ರಷ್ಟಿತ್ತು; ಒಂದು ಗಂಟೆಗೆ 44; ಒಂದು ದಿನಕ್ಕೆ 34; 31 ದಿನಗಳಿಗೆ 21. ಮರೆವು ಮೊದಮೊದಲು ಧಾವಿಸಿ, ಆಮೇಲೆ ನಿಧಾನಗೊಳ್ಳುತ್ತದೆಂಬುದು ಹೀಗೆ ಅಂಕಿಗಳಲ್ಲಿ ಕಾಣಿಸಿತು.

ಈ ಅಂಕಿಗಳಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಒಂದು ತಿಂಗಳ ಬಳಿಕ ಸರಣಿಯ ಒಂದು ಅಕ್ಷರವೂ ತಾನಾಗಿ ಬಾಯಿಗೆ ಬರದಿರಬಹುದು. ಆದರೂ ಮರುಕಲಿಕೆಯಲ್ಲಿ ಶ್ರಮದ ಐದನೆಯ ಒಂದು ಭಾಗ ಉಳಿಯುತ್ತದೆ. ಎಂದರೆ ಸ್ಮೃತಿ ಇಲ್ಲದೆಡೆಯಲ್ಲಿಯೂ ಧಾರಣೆ ಪೂರ್ತಿಯಾಗಿ ಅಳಿದಿರುವುದಿಲ್ಲ. ಬೈರನ್ ಕವಿಯ ‘ಡಾನ್ ವಾನ್’ ಕಾವ್ಯದ ಪದ್ಯಗಳನ್ನು ಕಲಿಯಲು ಅಷ್ಟೇ ಪ್ರಮಾಣದ ಅರ್ಥಹೀನ ಅಕ್ಷರಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗ ಸಾಕಾಯಿತೆಂದೂ ಎಬ್ಬಿಂಗ್‌ಹೌಸ್ ಗುರುತಿಸಿದರು. ಛಂದಸ್ಸು, ಪ್ರಾಸ, ಅರ್ಥಗಳು ಕಂಠಸ್ಥ ಪರಂಪರೆಗಳ ಆಧಾರಸ್ತಂಭಗಳಾದದ್ದೇಕೆ ಎಂಬುದಕ್ಕೆ ಇದು ಪ್ರಯೋಗದ ಸಾಕ್ಷ್ಯ.

ಇದೇ ಕಾಲದಲ್ಲಿ ವೈದ್ಯರು ರೋಗದ ಕಡೆಯಿಂದ ಈ ಪ್ರಶ್ನೆಯನ್ನು ಸಮೀಪಿಸುತ್ತಿದ್ದರು. ಫ್ರಾನ್ಸಿನ ಥಿಯೊಡ್ಯೂಲ್ ರಿಬೊ 1881ರಲ್ಲಿ ನೆನಪಿನ ರೋಗಗಳನ್ನು ಕುರಿತು ಗ್ರಂಥ ಬರೆದು, ಮೆದುಳು ಕೆಡುವಾಗ ಇತ್ತೀಚಿನ ನೆನಪು ಮೊದಲು, ಹಳೆಯ ನೆನಪು ಕೊನೆಗೆ ಅಳಿಯುತ್ತದೆಂಬ ನಿಯಮವನ್ನು ಮುಂದಿಟ್ಟರು. ನಿನ್ನೆಯ ಊಟ ನೆನಪಿಲ್ಲದ ವೃದ್ಧರು ಬಾಲ್ಯದ ಆಟವನ್ನು ವಿವರವಾಗಿ ಹೇಳುವುದು ಮನೆಮನೆಯ ಅನುಭವ; ರಿಬೊ ಅದಕ್ಕೆ ಶಾಸ್ತ್ರದ ರೂಪ ಕೊಟ್ಟರು. 1887ರಿಂದ ಮುಂದೆ ಮಾಸ್ಕೋದ ಸೆರ್ಗೈ ಕೊರ್ಸಾಕಾಫ್, ಬಹುಪಾಲು ಅತಿಮದ್ಯಪಾನದಿಂದ ಜರ್ಜರಿತರಾದ ರೋಗಿಗಳಲ್ಲಿ ಒಂದು ವಿಶಿಷ್ಟ ವಿಸ್ಮೃತಿಯನ್ನು ವರ್ಣಿಸಿದರು. ಇಂಥ ರೋಗಿ ಸರಿಯಾಗಿ ತರ್ಕಿಸಬಲ್ಲ, ಸೊಗಸಾಗಿ ಸಂಭಾಷಿಸಬಲ್ಲ. ಆದರೆ ವೈದ್ಯರು ಒಂದು ನಿಮಿಷ ಹೊರಗೆ ಹೋಗಿ ಬಂದರೆ ಅವರನ್ನು ಆಗತಾನೇ ಕಂಡಂತೆ ಸ್ವಾಗತಿಸುತ್ತಾನೆ. ನೆನಪಿನ ಖಾಲಿ ಜಾಗವನ್ನು ಕಲ್ಪಿತ ಘಟನೆಗಳಿಂದ ತುಂಬುವುದೂ ಉಂಟು, ಅದೂ ಮೋಸದ ಉದ್ದೇಶವಿಲ್ಲದೆ, ಪೂರ್ಣ ನಂಬಿಕೆಯಿಂದ. ಥಯಾಮಿನ್ ಎಂಬ ಜೀವಸತ್ವದ ಕೊರತೆ ಇದರ ಮೂಲವೆಂದು ಮುಂದೆ ತಿಳಿದುಬಂತು.

ಇಂಥದೇ ಒಬ್ಬ ರೋಗಿಯನ್ನು ಜಿನೀವಾದ ಎದ್ವಾರ್ ಕ್ಲಾಪಾರೆದ್ ಪರೀಕ್ಷಿಸಿ 1911ರಲ್ಲಿ ವರದಿ ಮಾಡಿದರು. ಕೈಕುಲುಕುವಾಗ ಅವರು ಬೆರಳುಗಳ ನಡುವೆ ಅಡಗಿಸಿದ್ದ ಗುಂಡುಸೂಜಿಯಿಂದ ಆಕೆಯ ಕೈಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಆಕೆ ಆ ನೋವನ್ನು ಮರೆತರು. ಆದರೆ ವೈದ್ಯರು ಮತ್ತೆ ಕೈ ಚಾಚಿದಾಗ ತಮ್ಮ ಕೈಯನ್ನು ಹಿಂದೆಳೆದುಕೊಂಡರು. ಕಾರಣ ಕೇಳಿದರೆ ನಡೆದ ಘಟನೆಯನ್ನು ಹೇಳಲಾಗಲಿಲ್ಲ. ಕೈಯಲ್ಲಿ ಸೂಜಿ ಅಡಗಿಸಿಕೊಂಡಿರುವುದೂ ಉಂಟಲ್ಲವೇ ಎಂಬರ್ಥದ ಮಾತಷ್ಟೇ ಬಂತು. ಸ್ಮೃತಿ ಇರಲಿಲ್ಲ, ಸಂಸ್ಕಾರವಿತ್ತು. ಈ ಪ್ರಯೋಗ ಬೆಳಕು ನೀಡಿದ್ದು ನಿಜ. ಹೇಳಿಕೊಳ್ಳಲಾಗದ ನೋವನ್ನು ಉಂಟುಮಾಡಿ ಪಡೆದ ಬೆಳಕು ಅದೆಂಬುದೂ ಅಷ್ಟೇ ನಿಜ.

1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯಕ್ಕೆ 51 ವರ್ಷದ ಒಬ್ಬ ಗೃಹಿಣಿಯನ್ನು ಕರೆತರಲಾಯಿತು. ಆಕೆಯ ಹೆಸರು ಔಗುಸ್ಟೆ. ವೈದ್ಯ ಅಲೋಯಿಸ್ ಆಲ್ಝೈಮರ್ ಮರುದಿನ ಕೇಳಿದ ಪ್ರಶ್ನೆಗಳೂ ಆಕೆಯ ಉತ್ತರಗಳೂ ಕಡತದಲ್ಲಿ ದಾಖಲಾಗಿವೆ. ಹೆಸರೇನು ಎಂದರೆ ಔಗುಸ್ಟೆ. ಕುಲನಾಮ ಕೇಳಿದರೂ ಔಗುಸ್ಟೆ. ಗಂಡನ ಹೆಸರು ಕೇಳಿದರೂ ಔಗುಸ್ಟೆ ಎಂದೇ ಉತ್ತರ. ತೋರಿಸಿದ ಪೆನ್ಸಿಲ್, ಬೀಗದ ಕೈ ಮುಂತಾದವನ್ನು ಆಕೆ ಸರಿಯಾಗಿ ಹೆಸರಿಸಿದರು. ಕೆಲವು ಹೊತ್ತಿನ ಬಳಿಕ ಏನೇನು ತೋರಿಸಲಾಯಿತೆಂಬುದು ನೆನಪಿರಲಿಲ್ಲ. ಹೆಸರು ಬರೆಯಲು ಹೇಳಿದಾಗ ಶ್ರೀಮತಿ ಎಂಬರ್ಥದ ಪದವನ್ನು ಬರೆದು, ಮುಂದಿನದನ್ನು ಮರೆತು ನಿಂತರು. ತಾನು ತನ್ನನ್ನೇ ಕಳೆದುಕೊಂಡಿದ್ದೇನೆಂಬ ಭಾವದ ಮಾತನ್ನೂ ಆಕೆ ಆಡಿದ್ದರು. ಮರೆಯುತ್ತಿರುವವರಿಗೆ ತಮ್ಮ ಮರೆವಿನ ಅರಿವೇ ಇರುವುದಿಲ್ಲ ಎಂಬ ಸಾಮಾನ್ಯ ನಂಬಿಕೆಯನ್ನು ಈ ಒಂದು ಮಾತು ಅಲ್ಲಗಳೆಯುತ್ತದೆ.

ಔಗುಸ್ಟೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಆಲ್ಝೈಮರ್, ನರಕೋಶಗಳ ಒಳಗೆ ಗೋಜಲಾದ ಎಳೆಗಳನ್ನೂ ಹೊರಗೆ ಗಟ್ಟಿಕಟ್ಟಿದ ಚುಕ್ಕೆಗಳನ್ನೂ ಕಂಡು, ಅದೇ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ವಿದ್ವತ್ಸಭೆಯಲ್ಲಿ ಮಂಡಿಸಿದರು. ಸಭೆಯಲ್ಲಿ ಅದರ ಮೇಲೆ ಚರ್ಚೆಯೇ ನಡೆಯಲಿಲ್ಲ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಆ ರೋಗಕ್ಕೆ ವೈದ್ಯರ ಹೆಸರನ್ನಿಟ್ಟರು. ರೋಗಿಯ ಕಡತ ಮಾತ್ರ ಕಾಣೆಯಾಗಿ 1995ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಮರೆವಿನ ರೋಗವೆಂದರೆ ಮೊದಲು ನೆನಪಾಗುವ ರೋಗದ ಮೂಲ ದಾಖಲೆಯನ್ನು ದಾಖಲಾತಿಯ ಲೋಕವೇ ದಶಕಗಳ ಕಾಲ ಮರೆತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನ ಡಿಮೆನ್ಶಿಯಾದಿಂದ ಬಳಲುತ್ತಿದ್ದರು. ಅವರಲ್ಲಿ ಹೆಚ್ಚಿನವರದು ಆಲ್ಝೈಮರ್ ರೋಗ.

ಈ ಚರಿತ್ರೆಯ ನಿರ್ಣಾಯಕ ಅಧ್ಯಾಯ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1953ರಲ್ಲಿ ಆರಂಭವಾಯಿತು. ತೀವ್ರ ಅಪಸ್ಮಾರದಿಂದ ನರಳುತ್ತಿದ್ದ 27 ವರ್ಷದ ಯುವಕನಿಗೆ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಮೆದುಳಿನ ಎರಡೂ ಪಾರ್ಶ್ವಗಳ ಹಿಪೊಕ್ಯಾಂಪಸ್ ಭಾಗದ ಬಹಳಷ್ಟನ್ನು ತೆಗೆದುಹಾಕಿದರು. ಅಪಸ್ಮಾರವೆಂಬ ಪದದೊಳಗೇ ಸ್ಮರಣೆಯ ನಾಶ ಅಡಗಿದೆ. ಇಲ್ಲಿ ರೋಗ ತಗ್ಗಿತು, ಸ್ಮರಣೆಯನ್ನು ಚಿಕಿತ್ಸೆಯೇ ಕಸಿದುಕೊಂಡಿತು. ರೋಗಿಯ ಬುದ್ಧಿ, ಭಾಷೆ, ಸೌಜನ್ಯಗಳು ಹಾಗೆಯೇ ಉಳಿದವು. ಬಾಲ್ಯದ ಸಂಗತಿಗಳು ನೆನಪಿದ್ದವು. ಆದರೆ ಆ ಬಳಿಕ ನಡೆದ ಘಟನೆಗಳು ಕೆಲವೇ ನಿಮಿಷಗಳಲ್ಲಿ ಅಳಿಸಿಹೋಗುತ್ತಿದ್ದವು. ಸ್ಕೋವಿಲ್ ಮತ್ತು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ 1957ರಲ್ಲಿ ಪ್ರಕಟಿಸಿದ ಲೇಖನ ಆತನನ್ನು ಹೆಚ್.ಎಂ. ಎಂಬ ಎರಡಕ್ಷರಗಳಲ್ಲಿ ಹೆಸರಿಸಿತು. ಇಂಥ ಶಸ್ತ್ರಚಿಕಿತ್ಸೆಯನ್ನು ಮತ್ತೆ ಮಾಡಬಾರದೆಂದು ಸ್ಕೋವಿಲ್ ಅವರೇ ಎಚ್ಚರಿಸಿದರು.

ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಎರಡು ಗೆರೆಗಳ ನಡುವೆ ರೇಖೆ ಎಳೆಯುವ ಅಭ್ಯಾಸ ಕೊಟ್ಟರು. ಮೂರು ದಿನಗಳಲ್ಲಿ ಆತನ ಕೈ ಪಳಗಿತು. ಆದರೆ ಪ್ರತಿದಿನವೂ ಆ ಕೆಲಸ ತನಗೆ ಹೊಸದೆಂದೇ ಆತ ಭಾವಿಸಿದ. ಕೌಶಲದ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂಬುದು ಇದರಿಂದ ಸ್ಥಿರವಾಯಿತು. ಮಾತು ಸಾಗುವಷ್ಟು ಹೊತ್ತು ವಿಷಯವನ್ನು ಹಿಡಿದಿಡುವ ಶಕ್ತಿ ಒಂದು, ಅದನ್ನು ಬಾಳಿಕೆಯ ನೆನಪಾಗಿ ಮಾರ್ಪಡಿಸುವ ಶಕ್ತಿ ಇನ್ನೊಂದು. ಎರಡನೆಯದಕ್ಕೆ ಹಿಪೊಕ್ಯಾಂಪಸ್ ಬೇಕು. ಬಾಲ್ಯದ ನೆನಪುಗಳು ಉಳಿದದ್ದರಿಂದ ಅವು ಕಾಲಾನಂತರ ಮೆದುಳಿನ ಬೇರೆ ಭಾಗಗಳನ್ನು ಹೆಚ್ಚಾಗಿ ಅವಲಂಬಿಸುತ್ತವೆಂಬ ವಿಚಾರಕ್ಕೂ ಆಧಾರ ದೊರೆಯಿತು. ರಿಬೊ ಅವರ ನಿಯಮಕ್ಕೆ ಹೀಗೆ ಒಂದು ಅಂಗರಚನೆಯ ವಿವರಣೆ ಸಿಕ್ಕಿತು.

ಹಾಗಾದರೆ ಆರೋಗ್ಯವಂತರು ಮರೆಯುವುದೇಕೆ? ಕಾಲ ಕಳೆದಂತೆ ನೆನಪು ತಾನಾಗಿ ಸವೆಯುತ್ತದೆಂಬ ಉತ್ತರ ಅಪೂರ್ಣ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ನಡೆಸಿದ ಪ್ರಯೋಗದಲ್ಲಿ, ಕಲಿತ ಬಳಿಕ ನಿದ್ರಿಸಿದವರು ಅಷ್ಟೇ ಹೊತ್ತು ಎಚ್ಚರವಾಗಿದ್ದವರಿಗಿಂತ ಕಡಿಮೆ ಮರೆತರು. ಗಂಟೆಗಳು ಸಮಾನ, ನಡುವೆ ಬಂದ ಅನುಭವಗಳು ಮಾತ್ರ ಭಿನ್ನ. ಹೊಸದು ಹಳೆಯದನ್ನು ಮರೆಸುತ್ತದೆ, ಹಳೆಯದು ಹೊಸದಕ್ಕೆ ಅಡ್ಡಬರುತ್ತದೆ. ಕೆಲವೊಮ್ಮೆ ನೆನಪು ಇದ್ದರೂ ಅದನ್ನು ಎಬ್ಬಿಸುವ ಸುಳಿವು ದೊರೆಯುವುದಿಲ್ಲ. ನಾಲಿಗೆಯ ತುದಿಯಲ್ಲಿ ನಿಂತ ಹೆಸರು ಮೊದಲಕ್ಷರ ಕೇಳಿದೊಡನೆ ಹೊರಬರುವುದು ಇದಕ್ಕೆ ನಿದರ್ಶನ.

ಇನ್ನು ನೆನಪಾದದ್ದು ಕೂಡ ಇಟ್ಟದ್ದು ಇಟ್ಟಂತೆ ಮರಳುವುದಿಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಂದ ಮತ್ತೆಮತ್ತೆ ಹೇಳಿಸಿದ ಪ್ರಯೋಗಗಳನ್ನು 1932ರ ಗ್ರಂಥದಲ್ಲಿ ವಿವರಿಸಿದ್ದಾರೆ. ಕಥೆ ಕುಗ್ಗಿತು, ಅಪರಿಚಿತವಾದದ್ದು ಬಿಟ್ಟುಹೋಯಿತು ಇಲ್ಲವೇ ಪರಿಚಿತವಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ತಾಳೆಗರಿಯ ಲಿಪಿಕಾರ ತನಗರಿಯದ ಹಳೆಯ ಪದದ ಸ್ಥಾನದಲ್ಲಿ ತಿಳಿದ ಪದವನ್ನು ಬರೆದುಬಿಡುವುದು ಸಾಮಾನ್ಯ. ಆದ್ದರಿಂದಲೇ ಸಂಪಾದಕರು ಸುಲಭ ಪಾಠಕ್ಕಿಂತ ಕ್ಲಿಷ್ಟಪಾಠಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಪ್ರತಿ ಸ್ಮರಣೆಯೂ ಒಂದು ಬಗೆಯ ಪ್ರತಿಲೇಖನ. ಅದರಲ್ಲಿ ಸ್ಖಾಲಿತ್ಯಗಳಿರುತ್ತವೆ, ಆ ಸ್ಖಾಲಿತ್ಯಗಳಿಗೂ ಕ್ರಮವಿರುತ್ತದೆ.

ಮರೆವಿಲ್ಲದಿದ್ದರೆ ಬದುಕು ಸುಖಕರವಾಗುತ್ತಿತ್ತೇ ಎಂಬ ಪ್ರಶ್ನೆಗೆ ರಷ್ಯಾದ ಅಲೆಕ್ಸಾಂಡರ್ ಲೂರಿಯಾ 1968ರಲ್ಲಿ ಪ್ರಕಟಿಸಿದ ಕಿರುಗ್ರಂಥ ಉತ್ತರಿಸುತ್ತದೆ. ಅದರ ನಾಯಕನೂ ಒಂದು ಅಕ್ಷರವಷ್ಟೇ: ಎಸ್. ವರ್ಷಗಳ ಹಿಂದೆ ಕೇಳಿದ ಪದಪಟ್ಟಿಗಳನ್ನು ಆತ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಆದರೆ ಪ್ರತಿಯೊಂದು ಪದವೂ ಒಂದೊಂದು ಚಿತ್ರವನ್ನು ಕಣ್ಣೆದುರು ನಿಲ್ಲಿಸುತ್ತಿದ್ದುದರಿಂದ ಕಾವ್ಯದ ಧ್ವನಿ ಅವನಿಗೆ ಎಟುಕುತ್ತಿರಲಿಲ್ಲ. ಮರೆಯಬೇಕೆಂದು ಪದಗಳನ್ನು ಕಾಗದದಲ್ಲಿ ಬರೆದು ಸುಟ್ಟರೂ ಅವು ಅಳಿಯಲಿಲ್ಲ. ಬಿಡಿವಿವರಗಳನ್ನು ಬಿಟ್ಟುಕೊಡದೆ ಸಾಮಾನ್ಯವನ್ನು ಗ್ರಹಿಸಲಾಗದು. ಮರೆವು ಆ ಮಟ್ಟಿಗೆ ಅರಿವಿನ ಉಪಕರಣವೂ ಹೌದು.

ಆದರೆ ಈ ಉಪಕಾರಕ್ಕೂ ರೋಗದ ವಿಸ್ಮೃತಿಗೂ ಅಂತರವಿದೆ. ಆರೋಗ್ಯದ ಮರೆವು ಆಯ್ದು ಬಿಡುತ್ತದೆ. ರೋಗದ ಮರೆವಿಗೆ ಆಯ್ಕೆಯಿಲ್ಲ. ಹಾಗಿದ್ದರೂ ಅದು ಎಲ್ಲವನ್ನೂ ಒಂದೇ ಸಲಕ್ಕೆ ಒಯ್ಯುವುದಿಲ್ಲ. ಘಟನೆ ಹೋದರೂ ಕೈಯ ಕಸುಬು ಉಳಿಯುತ್ತದೆ, ಹೆಸರು ಹೋದರೂ ಭಯವೋ ಭರವಸೆಯೋ ಉಳಿಯುತ್ತದೆ. ಜಿನೀವಾದ ಆ ರೋಗಿಗೆ ಸೂಜಿಯ ಸಂಸ್ಕಾರ ಉಳಿದಿತ್ತೆಂದಾದರೆ, ಮರೆವಿನ ರೋಗಿಯೊಡನೆ ಆಡಿದ ಗದರಿಕೆಯೂ ಸಂತೈಕೆಯೂ ಘಟನೆಯ ನೆನಪು ಅಳಿದ ಮೇಲೆ ಹಾಗೆಯೇ ಉಳಿಯಬಹುದು. ಹೇಗೂ ನೆನಪಿರುವುದಿಲ್ಲವೆಂಬ ಉದಾಸೀನಕ್ಕೆ ಶಾಸ್ತ್ರದ ಸಮ್ಮತಿಯಿಲ್ಲ.

ಹೆಚ್.ಎಂ. 2008ರ ಡಿಸೆಂಬರ್ 2ರಂದು 82ನೆಯ ವಯಸ್ಸಿನಲ್ಲಿ ನಿಧನರಾದರು. ಐದು ದಶಕಗಳ ಕಾಲ ಸಂಶೋಧಕರ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿದ್ದ ಅವರಿಗೆ, ತಾವು ಯಾವ ಶಾಸ್ತ್ರಕ್ಕೆ ಅಡಿಪಾಯವಾದೆವೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಮರುವರ್ಷ ಅವರ ಮೆದುಳನ್ನು 2,401 ತೆಳುಪದರಗಳಾಗಿ ಕತ್ತರಿಸಿ ಅಧ್ಯಯನಕ್ಕಾಗಿ ಕಾಪಿಡಲಾಯಿತು. ಸಾವಿನ ಬಳಿಕವೇ ಎರಡಕ್ಷರಗಳ ಹಿಂದಿನ ಪೂರ್ಣ ಹೆಸರು ಜಗತ್ತಿಗೆ ತಿಳಿಯಿತು: ಹೆನ್ರಿ ಮೊಲೈಸನ್. ತಮ್ಮ ಋಣವನ್ನು ತಾವೇ ನೆನಪಿಸಲಾಗದವರ ಹೆಸರನ್ನು ನೆನಪಿನಲ್ಲಿಡುವ ಹೊಣೆ ಓದುವವರದು.